‘ಓಣಿ’ಯ ಅರ್ಥವ್ಯಾಪ್ತಿ: ಇಕ್ಕಟ್ಟಿನ ದಾರಿಗಳ ಕನ್ನಡ ಪದಗಳ ಒಂದು ಅಧ್ಯಯನ

ಇಕ್ಕಟ್ಟಾದ ದಾರಿಯನ್ನು ಸೂಚಿಸಲು ಕನ್ನಡದಲ್ಲಿ ಓಣಿ, ಗಲ್ಲಿ, ಸಂದಿ, ಗೊಂದಿ ಎಂಬ ಪದಗಳು ಬಳಕೆಯಲ್ಲಿವೆ. ಇವುಗಳಲ್ಲಿ ಓಣಿಯ ಹರವು ಹೆಚ್ಚು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟಿನಿಂದ ಇಂದಿನ ಕೋಶಗಳವರೆಗೆ ಇದಕ್ಕೆ ‘ಇಕ್ಕಟ್ಟಾದ ದಾರಿ’ ಎಂಬ ಅರ್ಥವೇ ಮುಂದುವರಿದು ಬಂದಿದೆ. ಆದರೆ ಧಾರವಾಡದವರು ಓಣಿ ಎನ್ನುವಾಗ ಅವರ ಕಣ್ಣ ಮುಂದೆ ಬರುವುದು ಒಂದು, ಉಡುಪಿಯವರ ಕಣ್ಣ ಮುಂದೆ ಬರುವುದು ಇನ್ನೊಂದು. ಈ ಪದಗಳ ಅರ್ಥ ದಾರಿಯ ಅಗಲವನ್ನು ನೆಚ್ಚಿಕೊಂಡಿಲ್ಲ, ದಾರಿಯ ಎರಡೂ ಬದಿಗೆ ಏನಿದೆ ಎಂಬುದನ್ನು ನೆಚ್ಚಿಕೊಂಡಿದೆ ಎಂಬುದು ಈ ಲೇಖನದ ವಾದ. ಓಣಿಯ ಮೂಲವನ್ನು ಹುಡುಕುವಾಗಲೂ ಈ ಅಂಶವೇ ನೆರವಿಗೆ ಬರುತ್ತದೆ.

ಎರಡು ಓಣಿಗಳು

ಕರಾವಳಿಯಲ್ಲಿ ಓಣಿಯೆಂದರೆ ಎರಡು ಮಣ್ಣಿನ ದರೆಗಳ ನಡುವಿನ ತಗ್ಗುದಾರಿ. ಅಲ್ಲಿ ಮನೆಗಳು ಒತ್ತೊತ್ತಾಗಿ ಇರುವುದಿಲ್ಲ. ಒಂದೊಂದು ಮನೆಯೂ ತನ್ನ ತೋಟ, ಗದ್ದೆ, ಹಿತ್ತಿಲಿನ ನಡುವೆ ಒಂಟಿಯಾಗಿ ನಿಂತಿರುತ್ತದೆ. ಒಬ್ಬರ ಹಿತ್ತಿಲಿಗೂ ಇನ್ನೊಬ್ಬರ ಹಿತ್ತಿಲಿಗೂ ನಡುವೆ ಉಳಿದ ಜಾಗವೇ ಓಣಿ. ಮುರಕಲ್ಲಿನ ನೆಲದ ಮೇಲೆ ಜನರ, ದನಕರುಗಳ ಕಾಲ್ತುಳಿತ ಬಿದ್ದು ಮಣ್ಣು ಸಡಿಲವಾಗುತ್ತದೆ, ಮಳೆಗಾಲದಲ್ಲಿ ಅದೇ ದಾರಿಯಾಗಿ ನೀರು ಹರಿದು ಮಣ್ಣನ್ನು ಕೊಚ್ಚಿಕೊಂಡು ಹೋಗುತ್ತದೆ. ಹೀಗೆ ವರ್ಷದಿಂದ ವರ್ಷಕ್ಕೆ ಓಣಿ ಆಳವಾಗುತ್ತದೆ. ಹಳೆಯ ಓಣಿಗಳಲ್ಲಿ ದರೆ ಆಳೆತ್ತರವನ್ನು ಮೀರಿರುವುದುಂಟು. ಅಲ್ಲಿನವರು ‘ಓಣಿಗೆ ಇಳಿದು ಹೋಗು’ ಎನ್ನುವುದು ಈ ಕಾರಣಕ್ಕೇ. ಓಣಿಯಿಂದ ಹಿತ್ತಿಲಿಗೆ ಹತ್ತುವಲ್ಲಿ ದನ ನುಗ್ಗದಂತೆ ತಡಮೆಯೋ ಉಣುಗೋಲೋ ಇರುತ್ತದೆ. ಬದಿಯಲ್ಲಿ ಒಂದೇ ಒಂದು ಮನೆ ಇಲ್ಲದಿದ್ದರೂ ಅದು ಓಣಿಯೇ. ತುಳುವಿನಲ್ಲೂ ಪದ ಇದೇ, ಅರ್ಥವೂ ಇದೇ.

ಹುಬ್ಬಳ್ಳಿ–ಧಾರವಾಡ ಭಾಗದ ಓಣಿ ಮನೆಗಳಿಂದಲೇ ಆದದ್ದು. ಹುಬ್ಬಳ್ಳಿಯ ಮ್ಯಾದಾರ ಓಣಿ, ವೀರಾಪುರ ಓಣಿ, ಬಮ್ಮಾಪುರ ಓಣಿ ಎಂಬ ಹೆಸರುಗಳು ಒಂದೊಂದು ದಾರಿಗಷ್ಟೇ ಅಲ್ಲ, ಒಂದೊಂದು ವಸತಿಗೂ ಸಲ್ಲುತ್ತವೆ. ಹಳ್ಳಿಗಳಲ್ಲಿ ಬಡಿಗೇರ ಓಣಿ, ಕುಂಬಾರ ಓಣಿ, ಗಾಣಿಗೇರ ಓಣಿ ಎಂದು ಕಸುಬಿನ ಹೆಸರು ಸೇರಿಕೊಳ್ಳುತ್ತದೆ. ಹೋಳಿಯ ಕಾಮಣ್ಣನನ್ನು ಕೂಡಿಸುವುದು, ಪಟ್ಟಿ ಎತ್ತುವುದು, ಜಗಳ ಬಗೆಹರಿಸುವುದು ಓಣಿಯ ಲೆಕ್ಕದಲ್ಲೇ ನಡೆಯುತ್ತದೆ. ‘ಯಾವ ಓಣ್ಯಾವ್ರೀ ನೀವು?’ ಎಂಬ ಪ್ರಶ್ನೆ ವಿಳಾಸವನ್ನು ಮಾತ್ರವಲ್ಲದೆ ಬಳಗವನ್ನೂ ಕೇಳುತ್ತದೆ.

ಈ ಅಂತರವನ್ನು ವಾಕ್ಯರಚನೆಯಲ್ಲೇ ಗುರುತಿಸಬಹುದು. ‘ಇಡೀ ಓಣೀನ ಎದ್ದು ಬಂತು’ ಎಂದು ಧಾರವಾಡದಲ್ಲಿ ಹೇಳಿದರೆ ಜನ ಬಂದರು ಎಂದರ್ಥ. ಕರಾವಳಿಯಲ್ಲಿ ‘ಓಣಿ ಬಂತು’ ಎಂದರೆ ನಡೆಯುತ್ತಿದ್ದವರು ಆ ಜಾಗವನ್ನು ತಲುಪಿದರು ಎಂದಷ್ಟೇ ಅರ್ಥ. ಒಂದು ಕಡೆ ಓಣಿ ಮನುಷ್ಯರ ಕ್ರಿಯೆಗೆ ಕರ್ತೃಪದವಾಗಬಲ್ಲದು, ಇನ್ನೊಂದು ಕಡೆ ಆಗಲಾರದು.

ಓಣಿಯೂ ಓಳಿಯೂ

ಇವೆರಡರಲ್ಲಿ ಹಳೆಯ ಅರ್ಥ ಯಾವುದು? ಹಳಗನ್ನಡದಲ್ಲಿ ‘ಓಳಿ’ ಎಂದರೆ ಸಾಲು, ಶ್ರೇಣಿ. ಓಣಿಯನ್ನು ಈ ಓಳಿಯೊಂದಿಗೆ ಜೋಡಿಸಿ ‘ಮನೆಗಳ ಸಾಲು’ ಎಂಬುದನ್ನೇ ಮೂಲಾರ್ಥವೆಂದು ಹಿಡಿಯಲು ಮನಸ್ಸಾಗುವುದು ಸಹಜ. ಧ್ವನಿಯ ದೃಷ್ಟಿಯಿಂದ ಇದಕ್ಕೆ ಅಡ್ಡಿಯೂ ಇಲ್ಲ. ತಮಿಳಿನ ‘ಅಣಿಲ್’ ಕನ್ನಡದಲ್ಲಿ ‘ಅಳಿಲು’ ಆಗಿರುವುದನ್ನು ನೋಡಿದರೆ ಸ್ವರಗಳ ನಡುವೆ ಣಕಾರ–ಳಕಾರಗಳು ಒಂದರ ಜಾಗಕ್ಕೆ ಇನ್ನೊಂದು ಬರುವುದುಂಟು ಎಂದು ತಿಳಿಯುತ್ತದೆ.

ಅರ್ಥದ ದೃಷ್ಟಿಯಿಂದ ಮಾತ್ರ ಈ ವಾದ ನಿಲ್ಲುವುದು ಕಷ್ಟ. ಮನೆಗಳ ಸಾಲು ಎಂಬುದೇ ಮೊದಲ ಅರ್ಥವಾಗಿದ್ದರೆ, ಸಾಲುಮನೆಗಳೇ ಇಲ್ಲದ ಕರಾವಳಿಯಲ್ಲಿ ಅದು ದರೆಗಳ ನಡುವಿನ ತಗ್ಗಿಗೆ ಹೆಸರಾದದ್ದು ಹೇಗೆ? ಹಳೆಯ ಮೈಸೂರಿನ ಹಳ್ಳಿಗಳ ಬಳಕೆಯೂ ಇಲ್ಲಿ ಗಮನಾರ್ಹ. ಅಲ್ಲಿ ಊರೊಳಗಿನ ದಾರಿಗೆ ಬೀದಿ ಎಂಬ ಹೆಸರು ನಿಂತಿದೆ. ಎರಡು ಹೊಲಗಳ ಬೇಲಿಗಳ ನಡುವೆ ಗಾಡಿ ಹೋಗುವ ಜಾಡಿಗೆ ಓಣಿ ಎನ್ನುತ್ತಾರೆ. ಘಟ್ಟದ ಕೆಳಗೂ ಮೇಲೂ, ಒಂದಕ್ಕೊಂದು ದೂರದ ಎರಡು ಸೀಮೆಗಳಲ್ಲಿ ‘ಎರಡು ಅಂಚುಗಳ ನಡುವಿನ ಹಾದಿ’ ಎಂಬ ಅರ್ಥವೇ ಉಳಿದಿರುವಾಗ ಅದನ್ನೇ ಹಳೆಯದೆಂದು ಹಿಡಿಯುವುದು ನ್ಯಾಯ. ಅಂಚಿನಲ್ಲಿ ದರೆಯ ಬದಲು ಗೋಡೆ ಬಂದು, ಗೋಡೆಯ ಹಿಂದೆ ಮನೆ ತುಂಬಿಕೊಂಡಾಗ ಬಯಲುಸೀಮೆಯ ಅರ್ಥ ಬೆಳೆದಿರಬೇಕು. ತೆಲುಗಿನ ‘ಲಂಗಾ–ಓಣಿ’ಯ ಓಣಿ ಹೊದೆಯುವ ಬಟ್ಟೆ, ಅದು ಹಿಂದಿಯ ‘ಓಢನಿ’ಯ ಬಳಗಕ್ಕೆ ಸೇರಿದ್ದು, ಈ ಚರ್ಚೆಗೆ ಸಂಬಂಧಿಸಿದ್ದಲ್ಲ.

ಗಲ್ಲಿ: ಗಂಟಲಿನಿಂದ ಬಂದ ಹೆಸರು

ಗಲ್ಲಿಯ ಇತಿಹಾಸ ಓಣಿಯದಕ್ಕಿಂತ ಸ್ಪಷ್ಟ. ಹಿಂದಿಯ ‘ಗಲೀ’, ಮರಾಠಿಯ ‘ಗಲ್ಲೀ’ಗಳನ್ನು ನಿಘಂಟುಕಾರರು ಸಂಸ್ಕೃತದ ‘ಗಲ’, ಅಂದರೆ ಗಂಟಲು, ಎಂಬ ಪದದೊಂದಿಗೆ ಜೋಡಿಸುತ್ತಾರೆ. 1884ರ ಪ್ಲಾಟ್ಸ್ ನಿಘಂಟು, 1966ರ ಟರ್ನರ್ ಕೋಶ ಎರಡೂ ಈ ದಾರಿಯನ್ನೇ ಹಿಡಿದಿವೆ. ಕನ್ನಡದ ರೂಪದಲ್ಲಿ ಲಕಾರದ ಒತ್ತು ಇರುವುದರಿಂದ ಅದು ಮರಾಠಿ ಅಥವಾ ದಖನಿಯ ಮೂಲಕ ಬಂದಿದೆ ಎನ್ನಬಹುದು. ಬೆಳಗಾವಿಯ ಗಣಪತ ಗಲ್ಲಿ, ಮಾರುತಿ ಗಲ್ಲಿ, ರಾಮದೇವ ಗಲ್ಲಿಗಳು ಇದಕ್ಕೆ ಪೂರಕವಾಗಿವೆ. ಅಲ್ಲಿ ಗಣಪತ ಗಲ್ಲಿ ದೊಡ್ಡ ಪೇಟೆಬೀದಿಯೇ ಆಗಿದ್ದರೂ ಹೆಸರು ಗಲ್ಲಿಯಾಗಿಯೇ ಉಳಿದಿದೆ. ‘ಗಲ್ಲಿಯವರು’ ಎಂದರೆ ನೆರೆಹೊರೆಯವರು. ಬೇರೆ ಭಾಷೆಯಿಂದ ಬಂದ ಪದವೂ ಅದೇ ಸೀಮೆಯಲ್ಲಿ ದಾರಿಯಿಂದ ಜನರತ್ತ ಸರಿದಿರುವುದು ಓಣಿಯ ಅರ್ಥ ಯಾವ ದಿಕ್ಕಿನಲ್ಲಿ ಚಲಿಸಿತು ಎಂಬುದಕ್ಕೆ ಪಕ್ಕದ ಸಾಕ್ಷಿ.

ಕನ್ನಡ ಪತ್ರಿಕೆಗಳ ಕ್ರೀಡಾಪುಟದಲ್ಲಿ ಇನ್ನೊಂದು ಗಲ್ಲಿ ಸಿಗುತ್ತದೆ. ‘ಗಲ್ಲಿ ಕ್ರಿಕೆಟ್’ನ ಗಲ್ಲಿ ನಮ್ಮದು, ‘ಗಲ್ಲಿಯಲ್ಲಿ ಕ್ಯಾಚ್’ ಎಂಬಲ್ಲಿನ ಗಲ್ಲಿ ಇಂಗ್ಲಿಷಿನದು, ನೀರು ಕೊರೆದ ಕಮರಿಯ ಹೆಸರು. ಅದನ್ನೂ ಗಂಟಲು ಎಂಬರ್ಥದ ‘ಗಲೆಟ್’ನ ಮಾರ್ಪಾಡು ಎಂದೇ ಪರಿಗಣಿಸಲಾಗಿದೆ. ಇಕ್ಕಟ್ಟನ್ನು ಗಂಟಲಾಗಿ ಕಾಣುವ ಎರಡು ಪದಗಳು ಬೇರೆ ಬೇರೆ ದಾರಿ ಹಿಡಿದು ಬಂದು ಕನ್ನಡ ಲಿಪಿಯಲ್ಲಿ ಒಂದೇ ರೂಪ ತಾಳಿವೆ.

ಬೆಂಗಳೂರು, ಮೈಸೂರುಗಳಲ್ಲಿ ಹಳೆಯ ಬಡಾವಣೆಗಳ ಮನೆಗಳ ಹಿಂಬದಿಗೆ ‘ಕನ್ಸರ್ವೆನ್ಸಿ’ ಎಂಬ ಸಣ್ಣ ದಾರಿ ಇದೆ. 1898ರಲ್ಲಿ ಪ್ಲೇಗು ಬಂದ ಮೇಲೆ ಗಾಳಿ ಬೆಳಕಿಗೆ ಒತ್ತು ಕೊಟ್ಟು ಯೋಜಿಸಿದ ಬಡಾವಣೆಗಳಲ್ಲೂ ಇಂಥ ಗಲ್ಲಿಗಳನ್ನು ಬಿಟ್ಟದ್ದು ಮಲ ಸಾಗಿಸುವವರು ಮುಂಬಾಗಿಲಿನ ಕಡೆ ಕಾಣಿಸಿಕೊಳ್ಳದಿರಲಿ ಎಂದು. 1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಸಚಿವರಾಗಿದ್ದಾಗ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ರಾಜ್ಯದಲ್ಲಿ ನಿಷೇಧಿಸಲಾಯಿತು. ಈ ದಾರಿಯ ಎರಡೂ ಬದಿಗೆ ಇದ್ದದ್ದು ಮನೆಗಳ ಬೆನ್ನು ಮಾತ್ರ. ಹಾಗಾಗಿ ಇದರ ಸುತ್ತ ಓಣಿಯಂತೆ ಬಳಗ ಬೆಳೆಯಲಿಲ್ಲ.

ಸಂದಿ, ಗೊಂದಿ, ಕೇರಿ

ಸಂದಿ ಸಂಸ್ಕೃತದ ‘ಸಂಧಿ’ಯಿಂದ ಬಂದದ್ದು. ಎರಡು ಕೂಡುವ ಜಾಗ ಎಂಬ ಅರ್ಥ ಎರಡರ ನಡುವಿನ ಬಿರುಕು ಎಂಬುದಕ್ಕೆ ತಿರುಗಿದೆ. ಕನ್ನಡದ ‘ಸಂದಿಗೊಂದಿ’ಗೆ ಜೋಡಿಯಾಗಿ ತೆಲುಗಿನಲ್ಲಿ ‘ಸಂದುಗೊಂದು’ ಇದೆ. ಸಂದಿಗೆ ಸ್ವಂತ ಬದಿಯಿಲ್ಲ, ಅಕ್ಕಪಕ್ಕದ ಕಟ್ಟಡಗಳು ಬಿಟ್ಟುಕೊಟ್ಟಷ್ಟೇ ಅದರ ಪಾಲು. ಸಂದಿಯ ಹೆಸರಿನಲ್ಲಿ ಬಳಗವಾಗಲಿ ಹಬ್ಬವಾಗಲಿ ಹುಟ್ಟದಿರುವುದು ಸಹಜವೇ.

ಕೇರಿಯ ಚಲನೆ ಬೇರೆ ಬಗೆಯದು. ತಮಿಳಿನಲ್ಲಿ ಇದರ ಜೋಡಿಪದ ‘ಚೇರಿ’. ತಮಿಳಿನಲ್ಲಿ ಇ, ಎ ಸ್ವರಗಳ ಮುಂದೆ ಕಕಾರ ಚಕಾರವಾಗುವುದು ಗೊತ್ತಿರುವ ವಿಷಯ. ಅಲ್ಲಿ ಅದು ವಸತಿ. ಮೈಸೂರಿನ ಕುಂಬಾರಗೇರಿ, ಸುಣ್ಣದಕೇರಿಗಳಲ್ಲಿ ಅದು ಕಸುಬುದಾರರು ನೆಲೆಸಿದ ಬೀದಿ. ಹಲವು ಹಳ್ಳಿಗಳಲ್ಲಿ ಕೇರಿ ಎಂದಷ್ಟೇ ಹೇಳಿದರೆ ಅದು ಊರ ಹೊರಗಿನ ದಲಿತರ ವಸತಿ. ಸಿದ್ಧಲಿಂಗಯ್ಯನವರ ಆತ್ಮಕಥನಕ್ಕೆ ‘ಊರುಕೇರಿ’ ಎಂಬ ಹೆಸರು ಬಂದದ್ದು ಈ ಗಡಿಯಿಂದಲೇ. ಊರೊಳಗಿನವರದು ಓಣಿ, ಹೊರಗಿಟ್ಟವರದು ಕೇರಿ ಎಂಬ ವಿಂಗಡಣೆ ಇರುವ ಕಡೆ ಎರಡೂ ದಾರಿಗಳು ಒಂದೇ ಅಗಲದವಾಗಿದ್ದರೂ ಹೆಸರು ಒಂದಾಗುವುದಿಲ್ಲ.

ಉಪಸಂಹಾರ

ಇಷ್ಟನ್ನೂ ಒಟ್ಟಿಗೆ ನೋಡಿದರೆ ‘ಇಕ್ಕಟ್ಟಾದ ದಾರಿ’ ಎಂಬ ಒಂದೇ ವಿವರಣೆ ಈ ಪದಗಳಿಗೆ ಸಾಲದು. ಓಣಿಯ ಬದಿಗೆ ಒಂದು ಕಡೆ ಮಣ್ಣು, ಇನ್ನೊಂದು ಕಡೆ ಬಳಗ; ಸಂದಿಯ ಬದಿಗೆ ಬೇರೆಯವರ ಗೋಡೆ; ಕೇರಿಯ ಬದಿಗೆ ಜಾತಿಯ ಗೆರೆ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಶಾಸನ ಮತ್ತು ಸಾಹಿತ್ಯದ ಪ್ರಯೋಗಗಳನ್ನು ಆಧಾರವಾಗಿಟ್ಟುಕೊಂಡದ್ದು; ಇಂಥ ಪದಗಳ ಅರ್ಥಭೇದ ಹೆಚ್ಚಾಗಿ ಉಳಿದಿರುವುದು ಆಡುಮಾತಿನಲ್ಲಿ. ಮುಂದಿನ ಪ್ರಾದೇಶಿಕ ಕೋಶಗಳು ಓಣಿಯ ಅರ್ಥದ ಜೊತೆಗೆ ಅದರ ಬದಿಗಳಲ್ಲಿ ಏನಿದೆ ಎಂಬುದನ್ನೂ ಸೀಮೆವಾರು ದಾಖಲಿಸಿದರೆ ವ್ಯುತ್ಪತ್ತಿಯ ಚರ್ಚೆ ಧ್ವನಿಸಾಮ್ಯದ ಊಹೆಯನ್ನು ದಾಟಿ ನೆಲದ ಸಾಕ್ಷ್ಯಕ್ಕೆ ಕಾಲೂರುತ್ತದೆ.