ಇಂಗು ಬಂದ ದಾರಿ

ಇಂಗು ಒಂದು ಗಿಡದ ಬೇರಿನಿಂದ ಒಸರುವ ಅಂಟು. ಫೆರುಲಾ ಎಂಬ ಈ ಗಿಡ ಕೊತ್ತಂಬರಿ, ಜೀರಿಗೆ, ಓಮಗಳ ಕುಟುಂಬಕ್ಕೆ ಸೇರಿದ್ದು. ಇರಾನ್, ಅಫ್ಘಾನಿಸ್ತಾನ ಮತ್ತು ಮಧ್ಯ ಏಷ್ಯಾದ ಒಣ ಬೆಟ್ಟಗಳಲ್ಲಿ ಬೆಳೆಯುತ್ತದೆ. ನಾಲ್ಕೈದು ವರ್ಷ ಬಲಿತ ಗಿಡದ ಬುಡ ಬಿಡಿಸಿ ಬೇರಿನ ತಲೆ ಕೊಯ್ದರೆ ಹಾಲು ಒಸರಿ ಗಟ್ಟಿಯಾಗುತ್ತದೆ. ಅದನ್ನು ಕೆರೆದು ತೆಗೆದು, ಮತ್ತೆ ಹೊಸ ಗಾಯ ಮಾಡುತ್ತಾರೆ. ಗಂಧಕದ ಸಂಯುಕ್ತಗಳಿಂದ ಅದಕ್ಕೆ ಆ ಕಟುವಾಸನೆ.

ಭಾರತೀಯರು ಇದನ್ನು ಹೊರಗಿನಿಂದ ಪಡೆದರೆಂಬುದಕ್ಕೆ ಹೆಸರೇ ಸಾಕ್ಷಿ. ಸಂಸ್ಕೃತ ನಿಘಂಟುಗಳಲ್ಲಿ ಹಿಂಗುವಿಗೆ ‘ಬಾಹ್ಲೀಕ’ ಎಂಬ ಪರ್ಯಾಯ ಪದವಿದೆ. ಬಾಹ್ಲೀಕವೆಂದರೆ ಇಂದಿನ ಉತ್ತರ ಅಫ್ಘಾನಿಸ್ತಾನದ ಬಲ್ಖ್ ಪ್ರದೇಶ. ಚರಕ ಸಂಹಿತೆ ಇದನ್ನು ಜಠರಾಗ್ನಿಯನ್ನು ಹೆಚ್ಚಿಸುವ, ವಾಯುವನ್ನು ಕೆಳಮುಖವಾಗಿಸುವ ದ್ರವ್ಯಗಳಲ್ಲಿ ಶ್ರೇಷ್ಠವೆಂದು ಎಣಿಸಿತು. ಇಂಗು, ಶುಂಠಿ, ಮೆಣಸು, ಹಿಪ್ಪಲಿ, ಓಮ, ಸೈಂಧವ ಲವಣ, ಜೀರಿಗೆ, ಕರಿಜೀರಿಗೆ ಎಂಬ ಎಂಟು ಸೇರಿದ ಹಿಂಗ್ವಷ್ಟಕ ಚೂರ್ಣವನ್ನು ಊಟದ ಮೊದಲ ತುತ್ತಿನಲ್ಲಿ ತುಪ್ಪದೊಡನೆ ತಿನ್ನುವ ಪದ್ಧತಿ ಇಂದಿಗೂ ಉಳಿದಿದೆ.

ಪಶ್ಚಿಮದಲ್ಲಿ ಇಂಗು ಬದಲಿ ಪದಾರ್ಥವಾಗಿ ಹರಡಿತು. ಉತ್ತರ ಆಫ್ರಿಕಾದ ಸೈರೀನ್‌ನಲ್ಲಿ ಬೆಳೆಯುತ್ತಿದ್ದ ಸಿಲ್ಫಿಯಂ ಎಂಬ ಗಿಡದ ಅಂಟು ಗ್ರೀಕರಿಗೂ ರೋಮನರಿಗೂ ಬಲು ಪ್ರಿಯವಾಗಿತ್ತು. ಕ್ರಿ.ಶ. 1ನೆಯ ಶತಮಾನದ ಹೊತ್ತಿಗೆ ಆ ಗಿಡ ಸಿಗದಂತಾಗಿ, ಪರ್ಷಿಯಾದ ಇಂಗು ಅದರ ಜಾಗಕ್ಕೆ ಬಂತು. ಮುಂದೆ ಯುರೋಪಿನ ಅಡುಗೆಮನೆ ಅದನ್ನು ಬಿಟ್ಟಿತು, ಭಾರತದ ಅಡುಗೆಮನೆ ಬಿಡಲಿಲ್ಲ.

ವಿಜಯನಗರದ ಕಾಲದ ಒಂದು ಪ್ರಸಂಗ ಈ ವ್ಯತ್ಯಾಸವನ್ನು ಚೆನ್ನಾಗಿ ತೋರಿಸುತ್ತದೆ. ಗೋವಾದಲ್ಲಿದ್ದ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ಟಾ 1563ರಲ್ಲಿ ಅಲ್ಲಿಯೇ ಅಚ್ಚಾದ ತನ್ನ ಗ್ರಂಥದಲ್ಲಿ ಅದನ್ನು ದಾಖಲಿಸಿದ್ದಾನೆ. ವಿಜಯನಗರದಲ್ಲಿದ್ದ ಪೋರ್ಚುಗೀಸನೊಬ್ಬನ ಬೆಲೆಬಾಳುವ ಕುದುರೆಗೆ ಹೊಟ್ಟೆಯುಬ್ಬರ. ಆ ಕಾರಣಕ್ಕೆ ಅರಸ ಅದನ್ನು ಕೊಳ್ಳಲಿಲ್ಲ. ಒಡೆಯ ಇಂಗು ತಿನ್ನಿಸಿ ಗುಣಪಡಿಸಿದ. ಮದ್ದು ಯಾವುದೆಂದು ತಿಳಿದ ಅರಸ, ಅದು ದೇವತೆಗಳ ಆಹಾರ, ಗುಣವಾದದ್ದರಲ್ಲಿ ಅಚ್ಚರಿಯೇನು ಎಂದನಂತೆ. ಪೋರ್ಚುಗೀಸನಿಗೆ ಮಾತ್ರ ಅದು ದೆವ್ವಗಳ ಆಹಾರವೆನಿಸಿತು. ಭಾರತದ ಎಲ್ಲೆಡೆ ಇಂಗು ಮದ್ದಾಗಿಯೂ ಊಟದಲ್ಲಿಯೂ ಬಳಕೆಯಲ್ಲಿದೆ ಎಂದೂ ಓರ್ಟಾ ಬರೆದ.

ಕನ್ನಡ ನಾಡಿನಲ್ಲಿ ಇಂಗಿನ ಸ್ಥಾನ ಗಟ್ಟಿಯಾಗಲು ಇಲ್ಲಿನ ಊಟವೇ ಕಾರಣ. ತೊಗರಿ, ಅವರೆ, ಕಡಲೆ, ಹುರುಳಿಗಳು ಹೊಟ್ಟೆಯಲ್ಲಿ ವಾಯು ತುಂಬಿಸುತ್ತವೆ. ಹಾಗಾಗಿ ಸಾರು, ಹುಳಿ, ಮಜ್ಜಿಗೆಗಳ ಒಗ್ಗರಣೆಗೆ ಇಂಗು ಬಿತ್ತು. ಬಿಸಿ ಎಣ್ಣೆ ತಾಗಿದೊಡನೆ ಅದರ ಘಾಟು ಅಡಗಿ, ಈರುಳ್ಳಿ ಬೆಳ್ಳುಳ್ಳಿಯನ್ನು ನೆನಪಿಸುವ ಪರಿಮಳ ಏಳುತ್ತದೆ. ಅವೆರಡನ್ನೂ ಬಳಸದ ಮನೆಗಳಿಗೆ ಇದರಿಂದ ಇಮ್ಮಡಿ ಉಪಕಾರ. ಇಂಗು, ತೆಂಗು ಇದ್ದರೆ ಮಂಗನೂ ಅಡುಗೆ ಮಾಡುತ್ತದೆ ಎಂಬ ಗಾದೆ ಹುಟ್ಟಿದ್ದು ಇಂಥ ಅಡುಗೆಮನೆಯಲ್ಲಿ. ಕೂಸಿನ ಹೊಟ್ಟೆ ಉಬ್ಬಿದರೆ ಬಿಸಿನೀರಿನಲ್ಲಿ ಇಂಗು ಕದಡಿ ಹೊಕ್ಕಳ ಸುತ್ತ ಹಚ್ಚುವುದು ಹಳೆಯ ರೂಢಿ. ಎಳೆಕೂಸಿಗೆ ಅದನ್ನು ಕುಡಿಸುವುದು ಮಾತ್ರ ಅಪಾಯ. ರಕ್ತದ ಆಮ್ಲಜನಕ ಒಯ್ಯುವ ಶಕ್ತಿ ಕುಂದಿದ ಪ್ರಕರಣ ವೈದ್ಯಕೀಯ ದಾಖಲೆಗಳಲ್ಲಿದೆ.

ಅಂಗಡಿಯಲ್ಲಿ ದೊರೆಯುವುದು ಸಾಮಾನ್ಯವಾಗಿ ಶುದ್ಧ ಇಂಗಲ್ಲ, ಕೂಟು ಇಂಗು. ಅಂಟು ತೀರಾ ತೀಕ್ಷ್ಣವಾದ್ದರಿಂದ ಗೋಧಿ ಅಥವಾ ಅಕ್ಕಿ ಹಿಟ್ಟು, ಗೋಂದು ಬೆರೆಸಿ ಹದಗೊಳಿಸುತ್ತಾರೆ. ಗೋಧಿ ಒಗ್ಗದವರು ಡಬ್ಬಿಯ ಮೇಲಿನ ಪಟ್ಟಿಯನ್ನು ಓದಿಯೇ ಕೊಳ್ಳಬೇಕು.

ಇಷ್ಟು ಬಳಸುವ ದೇಶ ಇಂಗಿಗೆ ಹೊರನಾಡನ್ನೇ ನೆಚ್ಚಿಕೊಂಡು ಬಂದಿದೆ. ವರ್ಷಕ್ಕೆ ಸುಮಾರು 1,200 ಟನ್ ಕಚ್ಚಾ ಇಂಗು ಆಮದಾಗುತ್ತಿತ್ತು. ಪಾಲಂಪುರದ ಹಿಮಾಲಯ ಜೈವಿಕ ಸಂಪನ್ಮೂಲ ತಂತ್ರಜ್ಞಾನ ಸಂಸ್ಥೆ ಇರಾನಿನಿಂದ ಬೀಜ ತರಿಸಿ ಸಸಿ ಮಾಡಿತು. 2020ರ ಅಕ್ಟೋಬರ್ 15ರಂದು ಹಿಮಾಚಲ ಪ್ರದೇಶದ ಲಾಹೌಲ್ ಕಣಿವೆಯ ಕ್ವಾರಿಂಗ್ ಗ್ರಾಮದ ಹೊಲದಲ್ಲಿ ಮೊದಲ ಇಂಗಿನ ಸಸಿಯನ್ನು ನೆಡಲಾಯಿತು.