ಮರಳಿನ ಮೇಲಣ ಓನಾಮ

ನಜರ್‌ಬಾದ್ ಇಂದು ಮೈಸೂರು ನಗರದ ಒಂದು ಬಡಾವಣೆ. ಟಿಪ್ಪು ಸುಲ್ತಾನನು ೧೭೮೭ರ ಸುಮಾರಿಗೆ ಮೈಸೂರಿನ ಹಳೆಯ ಕೋಟೆಯನ್ನು ಕೆಡವಿಸಿ, ಅದರ ಕಲ್ಲುಗಳಿಂದ ಇಲ್ಲಿ ಹೊಸ ಕೋಟೆಯನ್ನು ಕಟ್ಟಿಸತೊಡಗಿದನು. ೧೭೯೯ರಲ್ಲಿ ಅವನು ಮಡಿದ ಬಳಿಕ ಆ ಕಲ್ಲುಗಳು ಮರಳಿ ಮೈಸೂರಿಗೇ ಸಾಗಿದವು.

ಕಲ್ಲಿನ ಕೋಟೆ ಹೀಗೆ ಅಳಿದ ಕಾಲದಲ್ಲಿಯೇ ಕೂಲಿಮಠದ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಓನಾಮವನ್ನು ತಿದ್ದುತ್ತಿದ್ದರು. ಬರೆದುದು ಅಳಿಯುತ್ತಿತ್ತು, ಕಲಿತುದು ಉಳಿಯುತ್ತಿತ್ತು. ಮದರಾಸಿನ ಅನಾಥ ಬಾಲಕರ ಶಾಲೆಯ ಮೇಲ್ವಿಚಾರಕನಾಗಿದ್ದ ಆಂಡ್ರೂ ಬೆಲ್ ಎಂಬ ಪಾದ್ರಿಯು ದೇಶೀಯ ಶಾಲೆಯೊಂದರಲ್ಲಿ ಈ ಮರಳ ಬರಹವನ್ನು ಕಂಡು, ತನ್ನ ಶಾಲೆಯಲ್ಲಿ ಅಳವಡಿಸಿ, ೧೭೯೭ರಲ್ಲಿ ಲಂಡನ್ನಿನಲ್ಲಿ ಅದರ ವರದಿಯನ್ನು ಪ್ರಕಟಿಸಿದನು. ಮುಂದೆ ಇಂಗ್ಲೆಂಡಿನ ಬಡಮಕ್ಕಳೂ ಮರಳಿನಲ್ಲಿ ಅಕ್ಷರ ಕಲಿತರು.

ಕೂಲಿಮಠದಲ್ಲಿ ಬೆತ್ತವೂ ಇದ್ದಿತೆಂಬುದನ್ನು ಮರೆಯಲಾಗದು. ಮರಳನ್ನು ಉಳಿಸಿಕೊಂಡು ಬೆತ್ತವನ್ನು ಬಿಡುವುದೇ ವಿವೇಕ. ಇಂದಾದರೋ ಮೂರು ವರ್ಷದ ಕೂಸಿನ ಎಳೆಯ ಬೆರಳಿಗೆ ಸೀಸದಕಡ್ಡಿಯನ್ನು ಕೊಟ್ಟು, ಪುಟ ತುಂಬಿಸೆಂದು ಗದರುವ ಮನೆಗಳುಂಟು. ಅಳುತ್ತ ಬರೆದ ಅಕ್ಷರವನ್ನು ಆ ಮಗು ಹೇಗೆ ಪ್ರೀತಿಸೀತು?

ತಾಯಂದಿರೆ, ತಟ್ಟೆಯಲ್ಲಿ ರಾಗಿಯನ್ನು ಹರವಿ ಮಗುವಿನ ಬೆರಳಿನಿಂದ 'ರ'ಕಾರವನ್ನು ಬರೆಯಿಸಿರಿ. ಅಂಗಳದಲ್ಲಿ ರಂಗವಲ್ಲಿಯಿಂದ ದೊಡ್ಡ 'ಅ'ಕಾರವನ್ನು ಎಳೆದು, ಅದರ ಮೇಲೆ ಅದು ಹೆಜ್ಜೆಯಿಡಲಿ. ಹುಣಸೆಬೀಜಗಳನ್ನು ಜೋಡಿಸಿ 'ಗ'ಕಾರವನ್ನು ಮಾಡಲಿ. ಬೀಜ ಬಾಯಿಗೆ ಹೋಗದಂತೆ ನೀವು ಬಳಿಯಲ್ಲಿರಿ. ತಪ್ಪಾದರೆ ಕೈಯಾಡಿಸಿದೊಡನೆ ಅಳಿಯುವುದು. ಆದುದರಿಂದ ತಪ್ಪಿನ ಭಯವಿಲ್ಲ. ಭಯವಿಲ್ಲದೆ ಕಲಿತ ಅಕ್ಷರವು ಕೋಟೆಯ ಕಲ್ಲಿಗಿಂತಲೂ ಬಹುಕಾಲ ಬಾಳುವುದು.