ಐಚ್ಛಿಕ ಅಂದ್ರೆ ಯಾರ ಇಚ್ಛೆ?

ನಮ್ಮ ರೂಮಿನಲ್ಲಿ ವಾರಾಂತ್ಯಕ್ಕೆ ಡಂಜನ್ಸ್ ಅಂಡ್ ಡ್ರಾಗನ್ಸ್ ಆಡ್ತೀವಿ. 2014ರ ಪುಸ್ತಕ. ಆಟ ನಡೆಸೋನು ನಾನು. ಹಾಗಾಗಿ ಪಾತ್ರಗಳಿಗೆ 'ಫೀಟ್' ಅನ್ನೋ ವಿಶೇಷ ಸಾಮರ್ಥ್ಯ ಕೊಡಬೇಕೋ ಬೇಡವೋ ಅನ್ನೋ ಜಗಳವೂ ನನ್ನ ತಲೆಗೇ :)

ಜಗಳ ಹಳೆಯದು ಮಾರಾಯ್ರೇ! ಆಟ ಹುಟ್ಟಿದ್ದು 1974ರಲ್ಲಿ. 1976ರ 'ಎಲ್ಡ್ರಿಚ್ ವಿಜರ್ಡ್ರಿ' ಪುಸ್ತಿಕೆ ಮನೋಶಕ್ತಿಗಳನ್ನು ತಂದಿತು. 1978ರ ಆಟಗಾರರ ಕೈಪಿಡಿ ಅವನ್ನು ಅನುಬಂಧಕ್ಕೆ ಹಾಕಿ, 'ಬೇಕಿದ್ರೆ ಬಳಸಿ' ಅಂತ ಬಿಟ್ಟಿತು. ತೊಂದರೆ ಏನಂದ್ರೆ, ದಾಳ ಒಲಿದವನಿಗಷ್ಟೇ ಆ ಶಕ್ತಿ, ಅದೂ ಪುಕ್ಕಟೆ. ಪಕ್ಕದವನು ಬರೀ ನೋಡ್ತಾ ಕೂರಬೇಕು.

2000ದ ಮೂರನೇ ಆವೃತ್ತಿಯಲ್ಲಿ ಫೀಟ್ ಎಲ್ಲರ ಹಕ್ಕಾಯ್ತು. 2014ರಲ್ಲಿ ಮತ್ತೆ ಐಚ್ಛಿಕ: ಬುದ್ಧಿ, ಬಲ ಇತ್ಯಾದಿ ಅಂಕ ಏರಿಸಿಕೊಳ್ಳೋ ಅವಕಾಶ ಬಿಟ್ಟುಕೊಟ್ಟರೆ ಫೀಟ್. 2024ರಲ್ಲಿ ಪುನಃ ಮೂಲ ನಿಯಮದೊಳಗೆ!

ಬೆಲೆ ಒಂದೇ ಆದರೂ ಸರಕು ಒಂದೇ ಅಲ್ಲ. 2014ರ 'ಗ್ರೇಟ್ ವೆಪನ್ ಮಾಸ್ಟರ್'ನಲ್ಲಿ ಗುರಿಗೆ 5 ಕಳೆದುಕೊಂಡರೆ ಪೆಟ್ಟಿಗೆ 10 ಜಾಸ್ತಿ. ಗೆಳೆಯನೊಬ್ಬ ಅದನ್ನು ತಗೊಂಡ ಮೇಲೆ ಇನ್ನೊಬ್ಬ ಆಟಕ್ಕೆ ಬರೋದೇ ಕಮ್ಮಿ ಮಾಡಿದ. ಅವನಿಗೆ ಫೋನ್ ಮಾಡಿ ಕರೆದೆ. ಈಗ ಎಲ್ಲರಿಗೂ ಫೀಟ್ ಉಂಟು, ಆದರೆ ಆರಿಸೋ ಮೊದಲು ನಾಲ್ವರೂ ಒಪ್ಪಬೇಕು.

ಪುಸ್ತಕ 'ಐಚ್ಛಿಕ' ಅಂದಾಗ ಕೇಳಬೇಕಾದ್ದು ನಿಯಮವನ್ನಲ್ಲ, ಎದುರು ಕೂತವರನ್ನ. ನೀವೇನಂತೀರಿ?